ಎತ್ತಿದ ಕಾಲಿಗೆ ಊದುವವನು

ಕಬ್ಬೂರಿನ ಧರೆಪ್ಪನಿಗೆ ನಿಂತುಕೊಂಡು ಟ್ರಂಪೆಟ್ ಊದಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬ್ಯಾಂಡಿನ ಹತ್ತು ವರ್ಷದ ಕಥೆ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ. ನಡೆಯುತ್ತಿದ್ದರೆ ಅವನಂಥ ಊದುಗಾರ ಐದು ತಾಲೂಕಿನಲ್ಲಿ ಇರಲಿಲ್ಲ. ನಿಲ್ಲಿಸಿದರೆ ಮುಗಿಯಿತು, ಸಕ್ಕರೆ ಕಾರ್ಖಾನೆಯ ಗೇಟಿನೆದುರು ಸಾಲಿನಲ್ಲಿ ನಿಂತ ಕಬ್ಬಿನ ಟ್ರ್ಯಾಕ್ಟರಿನಂತೆ ಅಲ್ಲೇ ಉಳಿಯುತ್ತಿದ್ದ.

ಎದುರಿಗೆ ಅವನನ್ನು ನಾನು ಎಂದೂ ಹೀಗೆ ಏಕವಚನದಲ್ಲಿ ಕರೆದವಳಲ್ಲ. ಧರೆಪ್ಪಕಾಕಾ ಬರ್ರಿ, ಕುಂದರ್ರಿ ಎಂದೇ ಮಾತಾಡಿಸಿದವಳು. ಬರೆಯಲು ಕೂತಾಗ ಮಾತ್ರ "ಅವರು, ಇವರು" ಎಂದರೆ ಯಾರೋ ಸಭೆಯ ಅಧ್ಯಕ್ಷರ ಬಗ್ಗೆ ಬರೆದಂತೆ ಕಾಣುತ್ತದೆ. ಬೈದುಕೊಳ್ಳುವವರು ಬೈದುಕೊಳ್ಳಲಿ, ನಾನು ಅವನೆಂದೇ ಬರೆಯುತ್ತೇನೆ.

ನನ್ನ ಹೆಸರು ತ್ರಿಶಲಾ. ಚಿಕ್ಕೋಡಿ, ರಾಯಬಾಗ ಕಡೆ ಮದುವೆಗೆ ಹೋದವರಿಗೆ ಈ ಹೆಸರು ಗೊತ್ತಿರಲೇಬೇಕು. ಎದೆ ನಡುಗಿಸುವ ಕಪ್ಪು ಸ್ಪೀಕರ್ ಪೆಟ್ಟಿಗೆಗಳ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ನನ್ನ ಅಪ್ಪ ಶ್ರೀಪಾಲ ಚಿಕ್ಕೋಡಿಯಲ್ಲಿ ಸೌಂಡ್ ಅಂಗಡಿ ಹಾಕಿದಾಗ ನಾನು ತೊಟ್ಟಿಲಲ್ಲಿದ್ದೆ, ಅಂಗಡಿಗೂ ನನ್ನ ಹೆಸರನ್ನೇ ಇಟ್ಟ. ಇಂಥ ಪೆಟ್ಟಿಗೆಗೆ ನಮ್ಮ ಕಡೆ ಡಾಲ್ಬಿ ಅನ್ನುತ್ತಾರೆ, ಯಾರು ಮಾಡಿದ್ದಾದರೂ ಸರಿ. ಡಾಲ್ಬಿ ಬಂದಮೇಲೆ ಮದುವೆಗಳಲ್ಲಿ ಬ್ರಾಸ್ ಬ್ಯಾಂಡನ್ನು ಕೇಳುವವರು ಕಡಿಮೆಯಾದರು. ಮೂವತ್ತು ವರ್ಷ ವರನ ಮುಂದೆ ಊದುತ್ತ ನಡೆದ ಧರೆಪ್ಪ ಮನೆಯಲ್ಲಿ ಕೂತದ್ದು ನನ್ನ ಹೆಸರಿನ ಪೆಟ್ಟಿಗೆಗಳಿಂದಲೇ. ಅದನ್ನು ಅವನು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಅವನನ್ನು ಮೊದಲು ನೋಡಿದ್ದು ಎರಡು ಸಾವಿರದ ಹದಿನಾಲ್ಕರ ಮೇ ತಿಂಗಳಲ್ಲಿ, ಕಬ್ಬೂರಿನ ಒಂದು ಮದುವೆಯಲ್ಲಿ. ಅಪ್ಪನಿಗೆ ಜ್ವರವಿತ್ತು, ಡಾಲ್ಬಿಯ ಹಿಂದೆ ನಾನೇ ಹೋಗಿದ್ದೆ. ಹುಡುಗಿಯ ಅಜ್ಜ ಹಟ ಹಿಡಿದು ಬ್ರಾಸ್ ಬ್ಯಾಂಡಿನವರನ್ನೂ ಕರೆಸಿದ್ದ. ಬಣ್ಣ ಹೋದ ಕೆಂಪು ಕೋಟಿನ ನಾಲ್ಕು ಮಂದಿ ಮೆರವಣಿಗೆಯ ಕೊನೆಗೆ, ದನ ಕಟ್ಟುವ ಕಡೆ ನಿಂತಿದ್ದರು. ಊರು ದಾಟುವ ಹೊತ್ತಿಗೆ ನಮ್ಮ ಜನರೇಟರ್ ಕೆಮ್ಮಿ ಸುಮ್ಮನಾಯಿತು. ಅಷ್ಟು ಹೊತ್ತು ಕುಣಿದವರು ಕೈಯನ್ನು ಮೇಲೆತ್ತಿಕೊಂಡೇ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಿಂದಿನಿಂದ ಟ್ರಂಪೆಟ್ ಬಂತು.

ಇಳಿಹೊತ್ತು. ಎರಡೂ ಬದಿಗೆ ಕಬ್ಬು, ನಡುವೆ ಬಿಸಿಲಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿದ ಧೂಳು. ಆ ಧೂಳಿನೊಳಗಿಂದ ಸ್ವಲ್ಪ ಗಿಡ್ಡನೆಯ, ಮೀಸೆ ನೆರೆತ ಒಬ್ಬ ಮನುಷ್ಯ ಕಣ್ಣು ಅರೆಮುಚ್ಚಿ ಊದುತ್ತ ನಡೆದು ಬಂದ. ಜನ ದಾರಿ ಬಿಟ್ಟರು. ಹಾಡು ಎಲ್ಲರಿಗೂ ಗೊತ್ತಿದ್ದ ಹಳೆಯ ಸಿನಿಮಾದ ಹಾಡೇ. ಆದರೆ ಅದು ನೆಲದ ಮೇಲಿರಲಿಲ್ಲ, ಮೊಳದಷ್ಟು ಮೇಲೆ ತೇಲುತ್ತಿತ್ತು. ಜನರೇಟರ್ ಸರಿಮಾಡುವುದನ್ನು ಬಿಟ್ಟು ಅವನ ಪಕ್ಕ ನಡೆಯತೊಡಗಿದೆ. ಆಮೇಲೆ ಅವನ ಕಾಲು ಕಂಡಿತು. ಸ್ವರ ಬರುತ್ತಿದ್ದದ್ದು ಕಾಲು ನೆಲಕ್ಕೆ ಬೀಳುವಾಗ ಅಲ್ಲ, ಕಾಲು ಎತ್ತಿದಾಗ.

ಊಟದ ಹೊತ್ತಿಗೆ ಹುಡುಕಿಕೊಂಡು ಹೋಗಿ ಕೇಳಿದೆ, ಹೀಗೇಕೆ ಎಂದು.

"ಕಾಲ ನೆಲಕ್ಕ ಬಿದ್ದಾಗ ಊದಿದ್ರ ಪೀಪಿ ಹಲ್ಲಿಗೆ ಬಡೀತೈತ್ರಿ ಅಕ್ಕಾರ" ಎಂದ. "ನಮ್ಮ ರಸ್ತಾ ಹೆಂಗದಾವ ನೋಡೀರಿಲ್ರಿ? ಒಂದ ತಗ್ಗ, ಒಂದ ದಿನ್ನಿ. ತುಟಿ ಒಡದ ಹೋಕ್ಕಾವು. ಕಾಲ ಮ್ಯಾಲಿದ್ದಾಗ ಊದಬೇಕು, ಬೀಳೂದ್ರಾಗ ಬಿಡಬೇಕು. ನಮ್ಮ ಉಸ್ತಾದ ಹಂಗ ಕಲಿಸ್ಯಾನ."

ಅಂದೇ ಕಾಗವಾಡಕ್ಕೆ ಫೋನ್ ಮಾಡಿ ಅಭಿನಂದನನಿಗೆ ಹೇಳಿದೆ, ನೀನು ಹುಡುಕುತ್ತಿದ್ದ ಮನುಷ್ಯ ಸಿಕ್ಕ.

ಅಭಿನಂದನ ಕಾಗವಾಡದ ದ್ರಾಕ್ಷಿ ತೋಟದವರ ಮಗ. ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಹೋಗಿ, ಹಾಸ್ಟೆಲಿನಲ್ಲಿ ಪಂಕ್ ಸಂಗೀತದ ಹುಚ್ಚು ಹತ್ತಿಸಿಕೊಂಡು, ಒಂದು ಗಿಟಾರ್ ಜೊತೆ ತೋಟಕ್ಕೆ ವಾಪಸು ಬಂದವನು. ಪಂಕ್ ಅಂದರೆ ಏನು ಎಂದು ನಾನು ಕೇಳಿದಾಗ, ಮೂರು ಸ್ವರ, ಮೂರು ನಿಮಿಷ, ಉಳಿದದ್ದೆಲ್ಲ ಸಿಟ್ಟು ಎಂದಿದ್ದ. ಸಿಟ್ಟಿನ ಮಟ್ಟಿಗೆ ನಾನು ತಯಾರಿದ್ದೆ, ಅಂಗಡಿಯಲ್ಲಿ ಬಿದ್ದಿದ್ದ ಡ್ರಮ್ಮನ್ನು ನಾನೇ ಹಿಡಿದೆ. ಹಾಡುವವಳು ನಿಪ್ಪಾಣಿಯ ಕೋಮಲ. ಹಗಲು ಟ್ಯೂಷನ್ನಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಹೆಗಲಿಗೆ ಬೇಸ್ ಗಿಟಾರ್ ಹಾಕಿಕೊಂಡರೆ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಬ್ಯಾಂಡಿನ ಹೆಸರು ಭಡಂಗ. ಖಾರ, ಬೆಳ್ಳುಳ್ಳಿ, ಶೇಂಗಾ ಹಚ್ಚಿದ ಚುರುಮುರಿ ನಮ್ಮ ಕಡೆ ಯಾರ ಮನೆಯಲ್ಲಿಲ್ಲ? ಹೆಸರು ಕೇಳಿದ ನನ್ನ ಅವ್ವ ಮೂಗು ಮುರಿದಳು, ಬೆಳ್ಳುಳ್ಳಿ ಇದೆ ಎಂಬ ಒಂದೇ ಕಾರಣಕ್ಕೆ. ಜೈನರ ಮನೆ ನೋಡಿ.

ಕೋಮಲಳ ಮನೆಯವರದು ನಿಪ್ಪಾಣಿಯಲ್ಲಿ ಒಂದು ಹಳೆಯ ತಂಬಾಕಿನ ವಖಾರ ಇತ್ತು. ಅರ್ಧ ಗೋದಾಮು ಖಾಲಿ, ಇನ್ನರ್ಧದಲ್ಲಿ ಗೋಣಿತಟ್ಟಿನಲ್ಲಿ ಬಿಗಿದ ತಂಬಾಕಿನ ಬೋದುಗಳು. ತಗಡಿನ ತೂತುಗಳಿಂದ ಬಿಸಿಲು ಕಡ್ಡಿಕಡ್ಡಿಯಾಗಿ ಇಳಿಯುತ್ತಿತ್ತು. ಆ ಘಾಟಿಗೆ ಮೊದಲ ಅರ್ಧ ಗಂಟೆ ಎಲ್ಲರೂ ಸೀನುತ್ತಿದ್ದೆವು, ಆಮೇಲೆ ತಲೆ ಹಗುರಾಗಿ, ಕೈಕಾಲು ನಮ್ಮವಲ್ಲ ಅನ್ನಿಸುತ್ತಿತ್ತು. ಅಲ್ಲಿ ಬಾರಿಸಿದ ಯಾವ ಮಧ್ಯಾಹ್ನವೂ ನನಗೆ ಪೂರ್ತಿ ಎಚ್ಚರದಲ್ಲಿ ನೆನಪಿಲ್ಲ.

ಅಭಿನಂದನನಿಗೆ ಬರೀ ಪಂಕ್ ಸಾಲದಾಗಿತ್ತು. ಸ್ಕಾ ಎಂಬ ಇನ್ನೊಂದು ಸಂಗೀತ ಅವನ ತಲೆ ಹೊಕ್ಕಿತ್ತು. ಅದು ಹುಟ್ಟಿದ್ದು ಎಲ್ಲೋ ಸಮುದ್ರದ ನಡುವಿನ ಜಮೈಕಾ ಎಂಬ ದ್ವೀಪದಲ್ಲಂತೆ. ಅದರಲ್ಲಿ ತಾಳ ಬೀಳುವ ಜಾಗದಲ್ಲಿ ಹೊಡೆಯಬಾರದು, ಎರಡು ತಾಳದ ನಡುವಿನ ಸಂದಿಯಲ್ಲಿ ಹೊಡೆಯಬೇಕು, ಮೇಲೆ ತುತ್ತೂರಿ ಊದಬೇಕು. ಧರೆಪ್ಪ ವಖಾರಕ್ಕೆ ಬಂದ ಮೊದಲ ದಿನ ಇದನ್ನೆಲ್ಲ ಅಭಿನಂದನ ಚಪ್ಪಾಳೆ ಹೊಡೆದು, ಕಾಲು ಕುಟ್ಟಿ, ಮೊಬೈಲಿನಲ್ಲಿ ಕೇಳಿಸಿ, ಅರ್ಧ ತಾಸು ವಿವರಿಸಿದ. ಧರೆಪ್ಪ ಮದುವೆಗೆ ಬಂದ ಬೀಗನ ತಾಳ್ಮೆಯಲ್ಲಿ ಕೇಳಿಸಿಕೊಂಡ.

"ಅಂದ್ರ ಕಾಲ ಮ್ಯಾಲಿದ್ದಾಗ. ಹೌದಿಲ್ರಿ ಅಣ್ಣಾರ?" ಎಂದ. ತಂಬಾಕಿನ ಬೋದುಗಳ ಸುತ್ತ ನಡೆಯುತ್ತ ಊದಲು ಶುರುಮಾಡಿದ.

ನಾವು ಮೂವರೂ ಮೊದಲು ನಕ್ಕೆವು, ಆಮೇಲೆ ಗಡಬಡಿಸಿ ವಾದ್ಯ ಹಿಡಿದೆವು. ಅವನು ಬೋದುಗಳ ಹಿಂದೆ ಮರೆಯಾದರೆ ಸ್ವರ ದೂರದ ಊರಿನಿಂದ ಬಂದಂತೆ, ಈಚೆ ಬಂದರೆ ಕಿವಿಯೊಳಗೇ ಇದ್ದಂತೆ. ಬಿಸಿಲಿನ ಕಡ್ಡಿಗಳನ್ನು ಅವನು ಒಂದೊಂದಾಗಿ ದಾಟುತ್ತಿದ್ದ. ಅಭಿನಂದನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಕೇಳಿ ಕಲಿತದ್ದನ್ನು ಈ ಮನುಷ್ಯ ಕಬ್ಬೂರಿನ ತಗ್ಗುಗಳಿಂದ ಕಲಿತಿದ್ದ.

ನಮ್ಮ ಮೊದಲ ಕಾರ್ಯಕ್ರಮ ನಿಪ್ಪಾಣಿಯ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಆಯಿತು. ವೇದಿಕೆ ಮೇಲೆ ಐದು ಹೆಜ್ಜೆ ಆಚೆ, ಐದು ಹೆಜ್ಜೆ ಈಚೆ ನಡೆಯಿರಿ ಕಾಕಾ ಎಂದು ನೂರು ಸಲ ಹೇಳಿದ್ದೆವು. ಮೊದಲ ಹಾಡು ಹಾಗೇ ಆಯಿತು. ಎರಡನೆಯ ಹಾಡು ಕೋಮಲ ಬರೆದ ಬಸ್ಸಿನ ಹಾಡು:

"ನಾಕಕ್ಕಂದಿ, ಐದಕ್ಕಂದಿ, ಸೂರ್ಯಾನೂ ಮನಿಗಿ ಹ್ವಾದ,
ಬೋರ್ಡ ಕನ್ನಡದಾಗ, ಬೈಗಳ ಮರಾಠ್ಯಾಗ, ಬಸ್ಸ ಎಲ್ಲಿ ಸತ್ತ ಹ್ವಾದ!"

ಹುಡುಗರು ಕುರ್ಚಿ ಬಿಟ್ಟು ಎದ್ದು ಕುಣಿಯತೊಡಗಿದರು. ಕುಣಿಯುವ ಜನರನ್ನು ಕಂಡರೆ ಧರೆಪ್ಪನ ಕಾಲಿಗೆ ಒಂದೇ ಅರ್ಥ ಗೊತ್ತು, ಮೆರವಣಿಗೆ ಹೊರಟಿತು ಎಂದು. ಕಣ್ಣು ಅರೆಮುಚ್ಚಿಕೊಂಡು ಮೆಟ್ಟಿಲಿಳಿದ. ಸಭಾಗೃಹದ ನಡುವಿನ ದಾರಿ ಹಿಡಿದ. ಬಾಗಿಲು ದಾಟಿದ. ಮುನ್ನೂರು ಹುಡುಗ ಹುಡುಗಿಯರು ಅವನ ಹಿಂದೆ ಹೋದರು. ಮೈಕಿನ ವೈರು ಅಷ್ಟು ಉದ್ದವಿರಲಿಲ್ಲ, ನಾವು ಮೂವರು ವೇದಿಕೆ ಮೇಲೆ ಖಾಲಿ ಕುರ್ಚಿಗಳಿಗೆ, ಒಬ್ಬ ಪ್ರಿನ್ಸಿಪಾಲರಿಗೆ ಬಾರಿಸುತ್ತ ಉಳಿದೆವು. ಅವನು ಬಸ್ ಸ್ಟ್ಯಾಂಡಿನ ತನಕ ಹೋಗಿದ್ದ.

"ಹಾಡ ಮುಗೀತು, ವರಗ ಉಡುಗೊರಿ ಆಹೇರಿ ಮಾಡ್ಸೂನಂತ ಹಿಂದ ನೋಡ್ತೇನಿ, ವರಾನ ಇಲ್ರಿ ಅಕ್ಕಾರ!" ಎಂದ ಆಮೇಲೆ, ಕಿವಿ ತನಕ ಕೆಂಪಾಗಿ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ಅವತ್ತಿನಿಂದ ಭಡಂಗ ಎಂದರೆ ಜನರಿಗೆ ಅದೇ ನೆನಪು. ಕೊನೆಯ ಹಾಡಿಗೆ ಟ್ರಂಪೆಟ್ಟಿನವ ಇಳಿದು ಹೊರಡುತ್ತಾನೆ, ಹಿಂದೆ ಹೋದವರಿಗೆ ಎಲ್ಲಿ ಮುಟ್ಟುತ್ತೇವೆಂದು ಗೊತ್ತಿರುವುದಿಲ್ಲ.

ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಪುಣೆ. ಅಭಿನಂದನನ ದ್ರಾಕ್ಷಿ ಸಾಗಿಸುವ ಟೆಂಪೋದಲ್ಲಿ ವಾದ್ಯ ತುಂಬಿಕೊಂಡು ಹೋಗುತ್ತಿದ್ದೆವು. ದ್ರಾಕ್ಷಿ ಕೊಯ್ಲಿನ ತಿಂಗಳಲ್ಲಿ ಕಾರ್ಯಕ್ರಮ ಇಲ್ಲ. ಸಂಜೆ ಎಂಥ ದೊಡ್ಡ ವೇದಿಕೆ ಇದ್ದರೂ ಅಭಿನಂದನ ಸೂರ್ಯ ಮುಳುಗುವ ಮೊದಲು ಡಬ್ಬಿ ಬಿಚ್ಚಿ ಊಟ ಮಾಡಲೇಬೇಕು, ಆಮೇಲೆ ಏನೂ ತಿನ್ನುವಂತಿಲ್ಲ, ಅವನೂ ಜೈನನೇ. ಸಮಾಜದ ಕಟ್ಟಳೆಗಳನ್ನೆಲ್ಲ ಬಾಯಿತುಂಬ ಬೈಯುವ ಪಂಕ್ ಗಿಟಾರಿನವ, ವೇದಿಕೆಯ ಹಿಂದೆ ಗಡಿಯಾರ ನೋಡಿಕೊಂಡು ಚಪಾತಿ ನುಂಗುವುದನ್ನು ನೋಡಿ ಪುಣೆಯವರು ಬೆರಗಾಗುತ್ತಿದ್ದರು. ಅಲ್ಲಿ ಒಬ್ಬ ಗಡ್ಡದವನು ಧರೆಪ್ಪನಿಗೆ ಯಾರ ಹತ್ತಿರ ಕಲಿತಿರಿ ಎಂದು ಹಿಂದಿಯಲ್ಲಿ ಕೇಳಿದ. ಧರೆಪ್ಪ ಸ್ವಲ್ಪ ಯೋಚಿಸಿ, "ರಸ್ತಾ" ಎಂದಷ್ಟೇ ಹೇಳಿದ. ಬೆಂಗಳೂರಿನಲ್ಲಿ ಒಂದೇ ಸಲ ಬಾರಿಸಿದೆವು. ಅಲ್ಲಿಯ ಜಾಗ ಎಷ್ಟು ಚಿಕ್ಕದೆಂದರೆ ಅವನು ಒಂದು ಕಂಬದ ಸುತ್ತ ಸುತ್ತಿ ಸುತ್ತಿ ತಲೆ ತಿರುಗಿ ಕೂತುಬಿಟ್ಟ.

ಎರಡು ಸಾವಿರದ ಹದಿನೆಂಟರಲ್ಲಿ ನಾಲ್ಕು ಹಾಡುಗಳನ್ನು ವಖಾರದಲ್ಲೇ ರೆಕಾರ್ಡ್ ಮಾಡಿದೆವು. ಕಿವಿಗೊಟ್ಟು ಕೇಳಿದರೆ ಟ್ರಂಪೆಟ್ಟಿನ ಕೆಳಗೆ ಚಪ್ಪಲಿ ಸಪ್ಪಳ ಕೇಳುತ್ತದೆ. ಅಭಿನಂದನ ಅದನ್ನು ತೆಗೆದುಹಾಕಬೇಕೆಂದ, ನಾನು ಜಗಳವಾಡಿ ಉಳಿಸಿಕೊಂಡೆ. ನಾನು ಗೆದ್ದ ಜಗಳಗಳಲ್ಲಿ ಅದೊಂದು ಒಳ್ಳೆಯದು.

ಅದೇ ವರ್ಷ ಅಥಣಿಯಲ್ಲಿ ಕಾರ್ಯಕ್ರಮ ಮುಗಿಸಿ, ಅಲ್ಲೇ ಉಳಿದು, ಬೆಳಿಗ್ಗೆ ವಾಪಸು ಬರುವಾಗ ದಿಗ್ಗೇವಾಡಿಯ ಹತ್ತಿರ ಟೆಂಪೋ ನಿಲ್ಲಿಸಿದೆವು. ಕೃಷ್ಣಾ ನದಿಯ ಮೇಲೆ ಮಂಜು ಕೂತಿತ್ತು. ನೀರು ಎಲ್ಲಿ ಮುಗಿದು ದಂಡೆ ಎಲ್ಲಿ ಶುರು ಎಂದು ತಿಳಿಯುತ್ತಿರಲಿಲ್ಲ. ಯಾರೂ ಕೇಳದೆಯೇ ಧರೆಪ್ಪ ಟ್ರಂಪೆಟ್ ತೆಗೆದುಕೊಂಡು ದಂಡೆಗುಂಟ ನಡೆಯತೊಡಗಿದ. ಯಾವ ಹಾಡೂ ಅಲ್ಲ, ಸುಮ್ಮನೆ ಎರಡು ಮೂರು ಸ್ವರ. ಒಂದು ಸ್ವರ ಬಿಡುತ್ತಿದ್ದ, ಅದು ಮಂಜಿನೊಳಗೆ ಹೋಗುತ್ತಿತ್ತು. ಅವನು ಇನ್ನೊಂದು ಹೆಜ್ಜೆ ಹಾಕುವ ಹೊತ್ತಿಗೆ ಆಚೆ ದಂಡೆಯಿಂದ ತಿರುಗಿ ಬರುತ್ತಿತ್ತು. ಆಚೆ ಇನ್ನೊಬ್ಬ ಧರೆಪ್ಪ ನಡೆಯುತ್ತಿದ್ದಾನೆ ಎಂದು ನಾನು ನಿಜವಾಗಿ ನಂಬಿದೆ. ಎಮ್ಮೆಗಳು ಮೂಗು ಮಾತ್ರ ಮೇಲಿಟ್ಟುಕೊಂಡು ನೀರಿನಲ್ಲಿ ನಿಂತಿದ್ದವು. ಅಭಿನಂದನ ಅಳುತ್ತಿದ್ದ, ಕೋಮಲ ಅವನನ್ನು ಅಣಕಿಸದೆ ಬಿಟ್ಟಳು. ನನ್ನ ಬದುಕಿನಲ್ಲಿ ಅಷ್ಟು ಸುಖ ಮತ್ತೆ ಆಗಿಲ್ಲ. ಅದು ಎಷ್ಟು ಹೊತ್ತು ನಡೆಯಿತೋ ಯಾರೂ ನೋಡಲಿಲ್ಲ, ಬಿಸಿಲೇರಿದಾಗ ಟೆಂಪೋ ಹತ್ತಿದೆವು.

ಲಕ್ಕವ್ವ ಧರೆಪ್ಪನ ಹೆಂಡತಿ. ಕಬ್ಬಿನ ಗದ್ದೆಗಳಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ತೆಳ್ಳಗೆ, ಕಪ್ಪಗೆ, ಸದಾ ಅವಸರ. ನಮ್ಮ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಕರೆದರೆ, "ಅವರ ಊದೂದು, ನೀವ ಒದರೂದು, ಅದನ್ನ ನೋಡಾಕ ನಾ ಕೂಲಿ ಬಿಟ್ಟ ಬರ್ಲೇನ್ರಿ?" ಎನ್ನುತ್ತಿದ್ದಳು. ಆದರೆ ಕಾರ್ಯಕ್ರಮದ ಹಿಂದಿನ ದಿನ ಧರೆಪ್ಪನ ಅಂಗಿಗೆ ಇಸ್ತ್ರಿ ಮಾಡಿಸಿ ಇಟ್ಟಿರುತ್ತಿದ್ದಳು.

ಕೊರೊನಾ ರೋಗದ ಎರಡು ವರ್ಷ ಎಲ್ಲರಂತೆ ನಾವೂ ಬಾಯಿ ಕಟ್ಟಿಕೊಂಡು ಕೂತೆವು. ಧರೆಪ್ಪ ಹೆಂಡತಿಯ ಜೊತೆ ಗದ್ದೆ ಕೆಲಸಕ್ಕೆ ಹೋಗತೊಡಗಿದ. ಇಪ್ಪತ್ತೆರಡರಲ್ಲಿ ಪುಣೆಯ ದೊಡ್ಡ ಉತ್ಸವದಿಂದ ಕರೆ ಬಂತು, ಸಾವಿರಾರು ಜನರ ಮುಂದೆ, ಡಿಸೆಂಬರಿನಲ್ಲಿ. ಅದೇ ನವೆಂಬರಿನಲ್ಲಿ ಅಲಖನೂರಿನ ಒಂದು ಗದ್ದೆಯಲ್ಲಿ, ಕಡಿದ ಕಬ್ಬಿನ ಬುಡದ ಚೂಪು ಅವನ ಎಡಗಾಲಿಗೆ ನಟ್ಟಿತು. ಅವನಿಗೆ ಆರು ವರ್ಷದಿಂದ ಶುಗರ್ ಇತ್ತು, ನೋವು ಅಷ್ಟಾಗಿ ತಿಳಿಯಲಿಲ್ಲ. ತಿಳಿದಷ್ಟನ್ನು ಮುಚ್ಚಿಟ್ಟ. ದವಾಖಾನೆಗೆ ಹೋದರೆ ಪುಣೆ ತಪ್ಪುತ್ತದೆ ಎಂಬ ಹೆದರಿಕೆ.

ಈಗ ನಾನು ಮಾಡಿದ್ದನ್ನು ಬರೆಯಬೇಕು. ವಖಾರದಲ್ಲಿ ತಾಲೀಮು ನಡೆದಾಗ ಅವನ ಎಡ ಹೆಜ್ಜೆ ತಡವಾಗಿ ಬೀಳುತ್ತಿತ್ತು. ಸ್ವರವೂ ಅಷ್ಟೇ ತಡವಾಗಿ, ಎಳೆದಂತೆ ಬರುತ್ತಿತ್ತು. ಕೇಳಲು ಏನೋ ಅಮಲು. "ಕಾಕಾ, ಇದ ಹೊಸಾದೈತಿ! ಹಿಂಗ ಇರಲಿ, ಬಿಡಬ್ಯಾಡ್ರಿ" ಎಂದು ನಾನು ಡ್ರಮ್ಮಿನ ಹಿಂದಿನಿಂದ ಕೂಗಿದೆ. ಅವನು ನಕ್ಕು ತಲೆಯಾಡಿಸಿದ. ಕುಂಟುವ ಮನುಷ್ಯನನ್ನು ನೋಡಿ ನಾನು ಹೊಸ ತಾಳ ಸಿಕ್ಕಿತೆಂದು ಕುಣಿದೆ. ಮೂರು ವಾರ ಅದೇ ತಾಳಕ್ಕೆ ಡ್ರಮ್ ಕೂಡಿಸಿದೆ. ಪುಣೆಯಲ್ಲಿ ಜನ ಹುಚ್ಚೆದ್ದು ಕುಣಿದರು, ನಾವು ಅಷ್ಟು ಚೆನ್ನಾಗಿ ಎಂದೂ ಬಾರಿಸಿರಲಿಲ್ಲ. ವಾಪಸು ಬರುವಾಗ ಟೆಂಪೋದಲ್ಲಿ ಅವನು ಬೂಟು ಬಿಚ್ಚಿದ ಮೇಲೆ ವಾಸನೆ ಬಂತು.

ಮೀರಜಿನ ದವಾಖಾನೆಯಲ್ಲಿ ಎಡಗಾಲನ್ನು ಪಾದದ ಹರಡಿನ ಮೇಲಿನವರೆಗೆ ಕತ್ತರಿಸಿ ತೆಗೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಲಕ್ಕವ್ವ ನನ್ನನ್ನು ನೋಡಿ ಒಂದೇ ಮಾತು ಕೇಳಿದಳು.

"ನಿಮಗ ಕಿವಿ ಅದಾವು. ಕಣ್ಣ ಇದ್ದಿದ್ದಿಲ್ಲೇನ್ರಿ?"

ಬಾಯಿಜೋರಿನ ಹುಡುಗಿ ಎಂದು ಹೆಸರಾದವಳು ನಾನು. ಅವತ್ತು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತೆ.

ಗಾಯ ಮಾಯಲು ಏಳೆಂಟು ತಿಂಗಳು ಹಿಡಿಯಿತು. ಇನ್ನೊಂದು ಕಾಲಿಗೂ ಬಲವಿಲ್ಲ, ಕೃತಕ ಕಾಲು ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಕಬ್ಬೂರಿನ ಮನೆಯ ಕಟ್ಟೆಯ ಮೇಲೆ ಕೂತು ಧರೆಪ್ಪ ಟ್ರಂಪೆಟ್ ತೆಗೆದ. ಉಸಿರಿತ್ತು, ಬೆರಳಿದ್ದವು, ತುಟಿ ಗಟ್ಟಿಯಿತ್ತು. ಊದಿದರೆ ಸ್ವರ ಬಂತು, ಆದರೆ ಒಂದೊಂದೂ ದಪ್ಪನೆ ನೆಲಕ್ಕೆ ಬಿತ್ತು. ಎರಡು ಸಾಲು ಆಗುವಷ್ಟರಲ್ಲಿ ಹಾಡು ಅವನ ಕೈತಪ್ಪಿ ಹೋಗುತ್ತಿತ್ತು.

"ಕುಂತ್ರ ಉಸರ ಎಲ್ಲಿ ಬಿಡಬೇಕಂತ ತಿಳೀವಲ್ದರಿ ಅಕ್ಕಾರ" ಎಂದ. "ಕಾಲ ಏಳವಲ್ದು. ಅದಕ್ಕ ಹಾಡ ಏಳವಲ್ದು."

ನಾವು ಸುಮ್ಮನೆ ಕೂರಲಿಲ್ಲ. ನಾನು ಎದುರಿಗೆ ಕೂತು ಕೋಲಿನಿಂದ ತಾಳ ಹಾಕಿದೆ. ಅಭಿನಂದನ ಟಿಕ್ ಟಿಕ್ ಎನ್ನುವ ಯಂತ್ರ ತಂದ. ಗಾಲಿ ಕುರ್ಚಿಯಲ್ಲಿ ಕೂರಿಸಿ ಓಣಿ ತುಂಬ ತಳ್ಳಿದೆವು, ಕುರ್ಚಿ ಉರುಳುತ್ತದೆಯೇ ಹೊರತು ಹೆಜ್ಜೆ ಹಾಕುವುದಿಲ್ಲ. ಊರುಗೋಲು ಹಿಡಿದು ನಡೆದರೆ ಟ್ರಂಪೆಟ್ ಹಿಡಿಯಲು ಕೈಯಿಲ್ಲ. ಊದದಿದ್ದರೆ ಅವನು ಏನಾಗುತ್ತಾನೆ ಎಂದು ನಮಗೆ ಕಾಣುತ್ತಿತ್ತು. ನಾವು ಹೋದರೆ ಚಹಾ ಹೇಳಿ, ಗೋಡೆ ಕಡೆ ನೋಡುತ್ತ ಕೂರುತ್ತಿದ್ದ. ಒಂದು ದಿನ, "ಬ್ಯಾರೆ ಯಾರನ್ನರ ನೋಡ್ಕೋರ್ರಿ" ಎಂದ. ನಾನು ಚಿಕ್ಕೋಡಿಯ ತನಕ ಸ್ಕೂಟರ್ ಮೇಲೆ ಅಳುತ್ತ ಬಂದೆ. ಬೇರೆಯವರನ್ನು ನೋಡಲಿಲ್ಲ. ಬ್ಯಾಂಡನ್ನೇ ಮುಗಿಸುವುದೆಂದು ನಿಶ್ಚಯಿಸಿದೆವು.

ಕೊನೆಯ ಕಾರ್ಯಕ್ರಮ ಎರಡು ಸಾವಿರದ ಇಪ್ಪತ್ನಾಲ್ಕರ ಮೇ ತಿಂಗಳಲ್ಲಿ, ಅದೇ ವಖಾರದಲ್ಲಿ. ಕೋಮಲಳ ಮನೆಯವರು ಅದನ್ನು ಕೆಡವಿ ಮದುವೆಗಳ ಮಂಗಲ ಕಾರ್ಯಾಲಯ ಕಟ್ಟುವವರಿದ್ದರು. ಅಭಿನಂದನನ ಊಟಕ್ಕೆ ಅಡ್ಡಿಯಾಗಬಾರದೆಂದು ಮಧ್ಯಾಹ್ನ ಮೂರಕ್ಕೇ ಇಟ್ಟೆವು. ಕೊಲ್ಹಾಪುರದಿಂದ, ಸಾಂಗಲಿಯಿಂದ, ಪುಣೆಯಿಂದಲೂ ಜನ ಬಂದರು. ಇನ್ನೂರಕ್ಕೂ ಹೆಚ್ಚು ಮಂದಿ ಸೀನುತ್ತ ನಿಂತಿದ್ದರು. ಧರೆಪ್ಪನಿಗೆ ಸುಮ್ಮನೆ ಬಂದು ಕೂತು ಕೇಳಿರಿ ಎಂದಿದ್ದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಟ್ರಂಪೆಟ್ಟನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ಏರಲು ಇಳಿಯಲು ಯಾರಾದರೂ ಬೇಕೆಂದು ಲಕ್ಕವ್ವ ಮೊದಲ ಸಲ ಜೊತೆಗೆ ಬಂದಿದ್ದಳು, ಕಾಲ್ಮರಿ ಬಾಗಿಲಲ್ಲಿ ಬಿಟ್ಟು, ವೇದಿಕೆಯ ಬದಿಗೆ ಒಂದು ಬೋದಿನ ಮೇಲೆ ಕೂತಿದ್ದಳು.

ಬಸ್ಸಿನ ಹಾಡಿಗೆ ಮುಂಚೆ ಧರೆಪ್ಪ ನನ್ನ ಕಡೆ ನೋಡಿ, "ಒಮ್ಮಿ ನೋಡ್ತೇನ್ರಿ ಅಕ್ಕಾರ" ಎಂದ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅವನ ಕುರ್ಚಿಯನ್ನು ವೇದಿಕೆಯ ನಡುವೆ ಇಟ್ಟೆವು. ನಾನು ತಾಳ ಎಣಿಸಿ ಶುರುಮಾಡಿದೆ. ಅವನು ಕಣ್ಣು ಅರೆಮುಚ್ಚಿ ಊದಿದ. ಮೊದಲ ಸ್ವರ ಬಿತ್ತು. ಎರಡನೆಯದೂ ಬಿತ್ತು. ಉಳಿದ ಒಂದು ಕಾಲಿನಿಂದ ನೆಲ ಕುಟ್ಟಲು ನೋಡಿದ, ಬರೀ ಬಲಗಾಲಿಗೆ ಹಾಡು ಅರ್ಧವೇ ಸಿಕ್ಕಿತು. ನಾಲ್ಕನೆಯ ಸಾಲಿಗೆ ತುಟಿಯಿಂದ ಟ್ರಂಪೆಟ್ ಇಳಿಸಿದ. ನಾವೂ ನಿಲ್ಲಿಸಿದೆವು. ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಟ್ಟಿದರು. ಆದರೆ ಹಾಡು ಆಗದವನಿಗೆ ತಟ್ಟುವ ಚಪ್ಪಾಳೆಗಿಂತ ಬೈಗುಳ ಮೇಲು. ಧರೆಪ್ಪ ತಲೆ ತಗ್ಗಿಸಿ ಟವೆಲ್ ಹುಡುಕತೊಡಗಿದ.

"ಯಾಕ ಚಪ್ಪಾಳಿ ಹೊಡ್ಯಾಕತ್ತೀರಿ? ಅವರೇನ ಇನ್ನೂ ಊದ್ಯಾರೇನು?"

ಲಕ್ಕವ್ವ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಲೇ ವೇದಿಕೆ ಹತ್ತಿದಳು. ಇನ್ನೂರು ಮಂದಿಯಲ್ಲಿ ಒಬ್ಬರ ಕಡೆಯೂ ನೋಡಲಿಲ್ಲ. ಗಂಡನ ಕುರ್ಚಿಯ ಮುಂದೆ ಬಂದು ನಿಂತು, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು.

"ನಿಮ್ಮ ಕಾಲ ನೋಡಬ್ಯಾಡ್ರಿ. ನನ್ನ ಕಾಲ ನೋಡ್ರಿ."

ನಡೆಯತೊಡಗಿದಳು. ವೇದಿಕೆಯ ಆ ತುದಿಯ ತನಕ ಹೋದಳು, ತಿರುಗಿದಳು, ಈ ತುದಿಗೆ ಬಂದಳು. ಬರಿಗಾಲು, ಹಿಮ್ಮಡಿ ಒಡೆದಿತ್ತು. ಎರಡು ಸಲ ಹಾಗೆ ಹೋಗಿ ಬಂದಳು. ಧರೆಪ್ಪ ನೋಡುತ್ತಲೇ ಇದ್ದ. ಟ್ರಂಪೆಟ್ ತುಟಿಗಿಟ್ಟು ಅವನು ಪೂರ್ತಿ ಕಣ್ಣು ಬಿಟ್ಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮೂರನೆಯ ಸಲ ಅವಳ ಎಡಗಾಲು ಮೇಲೆದ್ದಾಗ ಊದಿದ.

ಸ್ವರ ಬೀಳಲಿಲ್ಲ. ಮೇಲೆ ನಿಂತಿತು.

ಅವಳ ಹೆಜ್ಜೆ ಅವನ ಹೆಜ್ಜೆಯಲ್ಲ. ಅದು ಗದ್ದೆಯ ಹೆಜ್ಜೆ, ಗಿಡ್ಡ, ಚುರುಕು, ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟುವ ಹೆಜ್ಜೆ. ಹಾಡಿನ ವೇಗ ಎರಡು ಪಟ್ಟಾಯಿತು. ನಾನು ಡ್ರಮ್ಮಿನ ಕೋಲುಗಳಲ್ಲೇ ಆ ಹೆಜ್ಜೆಯ ಹಿಂದೆ ಓಡಿದೆ, ಅಭಿನಂದನ ಎರಡು ತಂತಿ ಹರಿದುಕೊಂಡ, ಕೋಮಲ ಪದಗಳನ್ನು ಅರ್ಧರ್ಧ ನುಂಗಿ ಕೂಗಿದಳು. ಹತ್ತು ವರ್ಷದಲ್ಲಿ ನಾವು ಅಷ್ಟು ಬಿರುಸಾಗಿ ಬಾರಿಸಿರಲಿಲ್ಲ. ಕೆಳಗೆ ಜನ ಕುಣಿಯುತ್ತಿದ್ದರು, ಧೂಳು ಏಳುತ್ತಿತ್ತು, ಆ ಧೂಳಿನಲ್ಲಿ ವಖಾರವೇ ಎಲ್ಲಿಗೋ ಹೊರಟಂತೆ ನನಗನಿಸಿತು. ಲಕ್ಕವ್ವನಿಗೆ ಅದೊಂದೂ ಬೇಕಿರಲಿಲ್ಲ. ಹಣೆಯಲ್ಲಿ ಬೆವರಿಳಿಯುತ್ತಿತ್ತು, ತುಟಿ ಬಿಗಿದುಕೊಂಡಿದ್ದಳು. ಅವಳು ನಿಂತರೆ ಹಾಡು ನಿಲ್ಲುತ್ತದೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಬರೆದಿಟ್ಟ ಹಾಡು ಮುಗಿಯಿತು. ಧರೆಪ್ಪ ಬಿಡಲಿಲ್ಲ, ಮತ್ತೆ ಮೊದಲಿನಿಂದ ಹಿಡಿದ. ಇನ್ನೊಮ್ಮೆ ಮುಗಿಯಿತು, ಇನ್ನೊಮ್ಮೆ ಹಿಡಿದ. ಲಕ್ಕವ್ವ ಕುರ್ಚಿಯ ಎದುರು ಹಾಯುವಾಗ ನಡಿಗೆ ನಿಲ್ಲಿಸದೆಯೇ ಕೇಳಿದಳು.

"ಸಾಕೇನ್ರಿ? ನಿಂದರ್ಲೇನು?"

ಬಾಯಲ್ಲಿ ಟ್ರಂಪೆಟ್ ಇದ್ದ ಧರೆಪ್ಪನಿಗೆ ಮಾತಾಡಲು ಬರುವಂತಿರಲಿಲ್ಲ. ಬೇಡ ಎಂದು ತಲೆಯಾಡಿಸಿದ. ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ಸೇರುತ್ತಿತ್ತು. ಲಕ್ಕವ್ವ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ಆ ತುದಿಯ ಕಡೆಗೆ ನಡೆದಳು.